ಪಚ್ಚಗಾದ ಹೀರೆ ಬಳ್ಳಿ

“ಹಸಿರು ಯಾವುದು, ಹಳದಿ ಯಾವುದು ಅಂತ ಗೊತ್ತಿಲ್ಲದವನು ಬೇಸಾಯಕ್ಕೆ ಯಾಕಯ್ಯ ಬಂದೆ? ಹೋಗಿ ಅಂಗನವಾಡೀಲಿ ಕೂತ್ಕೋ. ಬಣ್ಣದ ಪೆನ್ಸಿಲ್ ಕೊಡ್ತಾರೆ.”

ಮುಳಬಾಗಿಲಿನ ಔಷಧಿ ಅಂಗಡಿಯ ಅನಿಲ್‌ಕುಮಾರ್ ಹತ್ತು ಜನ ರೈತರ ಮುಂದೆ ನನಗೆ ಹೇಳಿದ ಮಾತು ಇದು. ಹತ್ತು ಜನವೂ ನಕ್ಕರು. ಒಬ್ಬ ಮುದುಕ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಮತ್ತೆ ನಕ್ಕ.

ನನ್ನ ಹೆಸರು ಮುನೇಶ್. ಕುರುಡುಮಲೆಯ ಪಕ್ಕದ ಊರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಗಡಿಗೆ ನಾನು ಜಗಳಕ್ಕೇ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ನಮ್ಮ ಅರ್ಧ ಎಕರೆ ಹೀರೆ ಚಪ್ಪರದಲ್ಲಿ ಎಲೆಗಳು ಹಳದಿಯಾಗಿದ್ದವು. ತೋಟದಲ್ಲೇ ನಿಂತು ಈ ಅನಿಲ್‌ಕುಮಾರ್‌ಗೆ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆ. ಅವನು ಬಸ್ಸಿನಲ್ಲಿ ಬಾಟ್ಲಿ ಕಳಿಸಿದ. ಎರಡು ಸಲ ಹೊಡೆದೆ. ಹಳದಿ ಕಡಿಮೆಯಾಗುವ ಬದಲು ಮೊಣಕಾಲೆತ್ತರದಿಂದ ಸೊಂಟದೆತ್ತರಕ್ಕೆ ಏರಿತು.

“ತಪ್ಪು ಔಷಧ ಕೊಟ್ಟಿದ್ದೀರಿ” ಎಂದೆ.

“ನಾನಾ? ನೀನು ಹೇಳಿದ್ದಕ್ಕೆ ಕೊಟ್ಟಿದ್ದೀನಿ. ಕೇಳಿಸ್ಕೋ ನಿನ್ನ ಗಂಟಲನ್ನೇ” ಎಂದು ಅವನು ಮೊಬೈಲಿನ ಸದ್ದು ಜಾಸ್ತಿ ಮಾಡಿ ಒತ್ತಿದ.

ನನ್ನದೇ ದನಿ ಅಂಗಡಿ ತುಂಬಾ ಕೇಳಿಸಿತು. “ಸಾರ್, ಹೀರೆ ಬಳ್ಳೀಲಿ ಕೆಳಗಿನ ಎಲೆಗಳೆಲ್ಲ ಪಚ್ಚಗವೆ. ಮೇಲಿನ ಚಿಗುರು ಹಂಗಿಲ್ಲ. ಬೇಗ ಏನಾದ್ರೂ ಕೊಡಿ.”

“ಕೆಳಗೆಲ್ಲ ಪಚ್ಚೆ. ಮೇಲಿನ ಚಿಗುರು ಪಚ್ಚೆ ಇಲ್ಲ. ಅಂದ್ರೆ ಚಿಗುರು ಹಳದಿ. ಚಿಗುರು ಹಳದಿಯಾದ್ರೆ ಕಬ್ಬಿಣದ ಅಂಶ ಕಮ್ಮಿ. ಅದಕ್ಕೇ ಕಬ್ಬಿಣದ ಬಾಟ್ಲಿ ಕೊಟ್ಟೆ. ನನ್ನದೇನಯ್ಯ ತಪ್ಪು?”

“ಪಚ್ಚ ಅಂದ್ರೆ ಹಳದಿ ಸಾರ್ ನಮ್ಮ ಕಡೆ. ತೆಲುಗಲ್ಲಿ ಹಂಗೇ ಅನ್ನೋದು. ಕಾಮಾಲೆಗೆ ಪಚ್ಚ ಕಾಮೆರ್ಲು ಅಂತೀವಿ.”

“ಪಚ್ಚೆ ಅಂದ್ರೆ ಹಸಿರು. ಪಚ್ಚೆಕಲ್ಲು ನೋಡಿಲ್ವಾ? ಶಾಲೆ ಬಿಟ್ಟವನು ನನಗೆ ಕನ್ನಡ ಹೇಳ್ಕೊಡ್ತೀಯಾ?”

ಅವನು ಹಾಸನದ ಕಡೆಯಿಂದ ಬಂದವನು, ಅವನಿಗೆ ತೆಲುಗು ಬರುವುದಿಲ್ಲ. ಅದು ಬಿಡಿ. ನಕ್ಕ ಹತ್ತು ಜನವೂ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರು. ಪಚ್ಚ ಎಂದರೆ ಏನು ಎಂದು ಎಲ್ಲರಿಗೂ ಗೊತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ನನಗೆ ಅಂಗಡಿಯವನಿಗಿಂತ ಅವರ ಮೇಲೆ ಹೆಚ್ಚು ಉರಿಯಿತು.

ನನ್ನ ಸಿಟ್ಟಿಗೆ ಕಾರಣ ಬರೀ ಮಾನ ಹೋದದ್ದಲ್ಲ. ಆ ಅರ್ಧ ಎಕರೆ ನಮ್ಮದಲ್ಲ, ಬಚ್ಚಪ್ಪನವರದು. ಅರ್ಧ ಪಾಲಿನ ಮಾತಿನ ಮೇಲೆ ನಮ್ಮ ಅಮ್ಮ ಆವಲಮ್ಮನಿಗೆ ಕೊಟ್ಟಿದ್ದರು. ಮೂವತ್ತು ವರ್ಷ ಬೇರೆಯವರ ತೋಟದಲ್ಲಿ ಕೂಲಿಗೆ ಕಾಯಿ ಬಿಡಿಸಿದ ಅಮ್ಮ ಮೊದಲ ಸಲ ‘ನಮ್ಮ ತೋಟ’ ಎಂದಿದ್ದಳು. ಬಳ್ಳಿ ಹಳದಿಯಾದದ್ದು ನೋಡಿ ಬಚ್ಚಪ್ಪನವರು ಹಾಲಿನ ಡೇರಿ ಮುಂದೆ ಹೇಳಿಬಿಟ್ಟಿದ್ದರು: “ಅಮಾವಾಸ್ಯೆ ಕಳೀಲಿ, ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಡ್ತೀನಿ. ನಾನೇ ಟೊಮೆಟೊ ಇಟ್ಕೊಳ್ತೀನಿ.” ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು. ಬಳ್ಳಿ ಹೋದರೆ ಭೂಮಿಯೂ ಹೋಗುತ್ತದೆ. ಅಮ್ಮ ಮತ್ತೆ ಕೂಲಿಗೆ.

ಊರಿಗೆ ವಾಪಸ್ ಬಂದು ಬಸ್ ಇಳಿದಾಗ ವೆಂಕಟಲಕ್ಷ್ಮಿ ಅಕ್ಕ ಸಿಕ್ಕಳು. ಅವಳು ನಮ್ಮ ಪಂಚಾಯಿತಿಯ ಕೃಷಿ ಸಖಿ. ಅಂದರೆ ಬೆಳೆ, ಮಣ್ಣು, ಗೊಬ್ಬರದ ವಿಷಯ ತರಬೇತಿ ಪಡೆದು ಊರೂರು ಸುತ್ತಿ ಹೇಳುವ ಹೆಂಗಸು. ಅಮ್ಮನ ಸ್ವಸಹಾಯ ಸಂಘದಲ್ಲೂ ಇದ್ದಾಳೆ.

“ಏಮಿರಾ ಮುನೇಶ, ಮುಖ ಒಲೆ ಮೇಲಿನ ಹೆಂಚಿನ ಥರ ಐತೆ. ಯಾರ ಹತ್ರ ಹೊಡೆಸ್ಕೊಂಡೆ?”

ಎಲ್ಲ ಹೇಳಿದೆ. ಹೇಳುತ್ತಾ ಅಂಗಡಿಯವನ ವಂಶವನ್ನೆಲ್ಲ ಬೈದೆ. ಅವಳು ಬೈಗುಳ ಮುಗಿಯುವವರೆಗೂ ಕಾದಳು.

“ಮುಗೀತಾ? ಈಗ ಹೇಳು. ಎಲೆ ಎಲ್ಲಿ?”

“ಯಾವ ಎಲೆ?”

“ಹಳದಿ ಎಲೆ. ಮುಳಬಾಗಿಲಿಗೆ ಹೋದೆಯಲ್ಲ, ಒಂದು ಎಲೆ ಕಿತ್ಕೊಂಡು ಹೋಗಿದ್ದೆಯಾ?”

“ಇಲ್ಲ.”

“ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದೋನು ಹೊಟ್ಟೆ ಮನೇಲಿಟ್ಟು ಹೋಗ್ತಾನಾ? ಭಾಷೆ ತಪ್ಪಲ್ಲ ಕಣೋ. ಬಾಯಲ್ಲಿ ಎಲೆ ತೋರಿಸಿದ್ದು ತಪ್ಪು. ನೀನೂ ತಪ್ಪು, ನೋಡದೆ ಬಾಟ್ಲಿ ಕೊಟ್ಟ ಅವನೂ ತಪ್ಪು. ನಡಿ, ತೋಟ ತೋರಿಸು.”

ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೂ ನಡೆದೆ.

ಅಮ್ಮ ಚಪ್ಪರದ ಕೆಳಗೆ ಕೂತು ಕಳೆ ಕೀಳುತ್ತಿದ್ದಳು. ಡ್ರಿಪ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ವೆಂಕಟಲಕ್ಷ್ಮಿ ಅಕ್ಕ ಔಷಧದ ಮಾತೇ ಎತ್ತಲಿಲ್ಲ. ಮೊದಲು ದೂರ ನಿಂತು ಇಡೀ ತೋಟ ನೋಡಿದಳು. ಆಮೇಲೆ ಒಳಗೆ ಬಂದಳು.

“ಮುನೇಶ, ಯಾವ ಎಲೆ ಮೊದಲು ಹಳದಿಯಾಯ್ತು? ಕೆಳಗಿನ ಹಳೇದಾ, ಮೇಲಿನ ಎಳೇದಾ?”

“ಕೆಳಗಿನವು ಅಂತ ಅವತ್ತಿಂದ ಬಡ್ಕೊಳ್ತಿದ್ದೀನಿ.”

“ಎಲೆ ಪೂರ್ತಿ ಹಳದಿನಾ, ಇಲ್ಲ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿನಾ?”

ನಾನು ನೋಡಿರಲಿಲ್ಲ. ಒಂದೂವರೆ ತಿಂಗಳು ದಿನಾ ನೋಡಿದ ಬಳ್ಳಿ. ನೋಡಿರಲಿಲ್ಲ. ಒಂದು ಎಲೆ ಬಿಸಿಲಿಗೆ ಹಿಡಿದೆ. ಪೂರ್ತಿ ಹಳದಿ.

“ತಿರುಗಿಸು. ಹಿಂದೆ ಬೂದಿ, ಬೂಷ್ಟು, ನುಸಿ, ಬಿಳಿ ನೊಣ ಏನಾದ್ರೂ ಐತಾ? ಮೂಲೆ ಮೂಲೆಯಾಗಿ ಚುಕ್ಕೆ ಐತಾ?”

“ಏನೂ ಇಲ್ಲ.”

ಅವಳು ಸಾಲು ಸಾಲಾಗಿ ನಡೆದಳು. ಆರು ಬಳ್ಳಿಗಳ ಹತ್ತಿರ ನಿಂತಳು. ಅವುಗಳ ಎಲೆ ಮುದುಡಿತ್ತು. ಹಸಿರು ಹಳದಿ ತೇಪೆ ತೇಪೆಯಾಗಿತ್ತು. “ಇವು ಬೇರೆ. ಇದು ವೈರಸ್ಸು, ಮೊಸಾಯಿಕ್ಕು. ಇದಕ್ಕೆ ಯಾವ ಅಂಗಡೀಲೂ ಔಷಧ ಇಲ್ಲ. ಕಿತ್ತು ಹೂತುಬಿಡು. ಬಿಟ್ರೆ ಬಿಳಿ ನೊಣ ಪಕ್ಕದ ಬಳ್ಳಿಗೂ ಹೊತ್ಕೊಂಡು ಹೋಯ್ತದೆ.”

“ಮೂರು ಕಾಯಿ ಐತೆ ಅದರಲ್ಲಿ.”

“ಮೂರು ಕಾಯಿಗೆ ಮುನ್ನೂರು ಬಳ್ಳಿ ಕೊಡ್ತೀಯಾ? ಕೀಳು.”

ಕಿತ್ತೆ. ಹಲ್ಲು ಕಚ್ಚಿಕೊಂಡು ಕಿತ್ತೆ.

ಮಿಕ್ಕ ಬಳ್ಳಿಗಳ ಬುಡದಲ್ಲಿ ಅವಳು ಒಂದು ಹಿಡಿ ಮಣ್ಣು ತೆಗೆದು ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. ಅವಳು ಪಂಪ್‌ಸೆಟ್ಟಿನ ಪೆಟ್ಟಿಗೆ ಕಡೆ ನೋಡಿದಳು.

“ಮೋಟಾರು ಆಟೋದಲ್ಲಿ ಐತಾ?”

“ಹೂಂ. ಕರೆಂಟು ಬಂದ ತಕ್ಷಣ ತಾನೇ ಶುರುವಾಗ್ತದೆ. ಹೋಗೋವರೆಗೂ ಓಡ್ತದೆ.”

“ದಿನಾನಾ?”

“ದಿನಾ. ಹಗಲು ನಾಲ್ಕು ಗಂಟೆ, ರಾತ್ರಿ ಮೂರು ಗಂಟೆ.”

“ನಿಮ್ಮ ಬಳ್ಳಿಗೆ ರೋಗ ಇಲ್ಲ. ಮುಳುಗ್ತಾ ಐತೆ” ಎಂದಳು.

ಅಮ್ಮ ಕಳೆಯ ಕುಡುಗೋಲು ಕೆಳಗಿಟ್ಟು ಎದ್ದು ನಿಂತಳು. “ಏನಂದೆ?”

“ನೀರು ಜಾಸ್ತಿ ಆಗೈತೆ ಅತ್ತೆ. ನಾಲ್ಕೈದು ದಿನ ನಿಲ್ಲಿಸ್ಬೇಕು.”

“ನೀರು ಜಾಸ್ತಿನಾ?” ಅಮ್ಮ ನಗಲಿಲ್ಲ. “ಈ ಕೋಲಾರ ಜಿಲ್ಲೇಲಿ ನಿಂತ್ಕೊಂಡು ನೀರು ಜಾಸ್ತಿ ಅಂತೀಯಲ್ಲಮ್ಮ, ನಿನ್ನ ಬಾಯಿಗೆ ಆ ಮಾತು ಹೆಂಗೆ ಬಂತು? ಒಂದು ಬಿಂದಿಗೆಗೆ ನಾನು ಎರಡು ಮೈಲಿ ನಡೆದಿದ್ದೀನಿ. ಸಾವಿರದಿನ್ನೂರು ಅಡಿ ಕೊರೆದರೂ ಬರೀ ಧೂಳು ಬಂದಿದ್ದು ನೋಡಿದ್ದೀನಿ. ಈಗ ಕೆರೆ ತುಂಬಿ ಬೋರಲ್ಲಿ ನಾಲ್ಕು ತೊಟ್ಟು ಬಂದೈತೆ. ಅದನ್ನ ನಿಲ್ಲಿಸು ಅಂತೀಯ. ನೀರು ಕುಡಿದು ಸತ್ತ ಗಿಡ ಎಲ್ಲಾದ್ರೂ ಐತಾ?”

“ಐತೆ ಅತ್ತೆ. ನಿಮ್ಮ ತೋಟದಲ್ಲೇ ಐತೆ.”

“ಹೋಗಮ್ಮ ನೀನು. ಎಲ್ಲೋ ಮೂರು ದಿನ ಟ್ರೈನಿಂಗ್ ಕೂತು ಬಂದು ನನಗೆ ಹೇಳ್ತೀಯ.”

ನಾನು ಹೋಗಿ ಆಟೋ ಗುಂಡಿ ಆಫ್ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಪೈಪು ತೊಟ್ಟಿಕ್ಕುತ್ತಿದೆ. ಅಮ್ಮ ನನಗಿಂತ ಮುಂಚೆ ಬಂದು ಮತ್ತೆ ಆನ್ ಮಾಡಿದ್ದಳು.

ಅವತ್ತು ಹೆತ್ತ ತಾಯಿಯ ಮೇಲೆ ಕೂಗಾಡಿದೆ. ಕೂಗಾಡಿದ್ದು ಸರಿ ಎಂದು ಬರೆಯುತ್ತಿಲ್ಲ, ನಡೆದದ್ದು ಬರೆಯುತ್ತಿದ್ದೇನೆ. “ನೀನೇ ಬಳ್ಳಿ ಸಾಯಿಸ್ತಿದ್ದೀಯ. ಬಚ್ಚಪ್ಪನ ಟ್ರ್ಯಾಕ್ಟರಿಗೆ ನೀನೇ ದಾರಿ ಮಾಡಿಕೊಡ್ತಿದ್ದೀಯ” ಎಂದೆ.

“ಬಾಯಾರಿದ್ದಕ್ಕೆ ನೀರು ಕೊಡ್ಬೇಡ ಅನ್ನೋಕೆ ನಿಂಗೆ ಮನಸ್ಸು ಹೆಂಗೆ ಬರ್ತದ್ಲಾ? ಮಧ್ಯಾಹ್ನ ಎಲೆ ಜೋತು ಬೀಳ್ತದೆ, ನಿನ್ನ ಕಣ್ಣಿಗೆ ಕಾಣಲ್ವಾ?” ಎಂದು ಅಮ್ಮ ಅತ್ತಳು.

ಅಷ್ಟೊತ್ತಿಗೆ ವೆಂಕಟಲಕ್ಷ್ಮಿ ಅಕ್ಕ ಬಂದಳು. ಸೀದಾ ಮೋಟಾರಿನ ಹತ್ತಿರದ ಸಾಲಿಗೆ ಹೋಗಿ ಒಂದು ಬಳ್ಳಿಯನ್ನು ಬೇರು ಸಮೇತ ಕಿತ್ತಳು. ಆಮೇಲೆ ತೋಟದ ಆ ತುದಿಗೆ ಹೋದಳು. ಆ ತುದಿಗೆ ಪೈಪಿನ ನೀರು ಸರಿಯಾಗಿ ತಲುಪುತ್ತಿರಲಿಲ್ಲ. ಅದಕ್ಕೆ ಅಮ್ಮ ದಿನಾ ಗೊಣಗುತ್ತಿದ್ದಳು. ಅಲ್ಲಿಂದಲೂ ಒಂದು ಬಳ್ಳಿ ಕಿತ್ತಳು. ಎರಡನ್ನೂ ತಂದು ಅಮ್ಮನ ಮಡಿಲಲ್ಲಿ ಹಾಕಿದಳು.

“ಅತ್ತೆ, ನನ್ನ ಟ್ರೈನಿಂಗು ಬಿಡು. ನೀನು ಮೂವತ್ತು ವರ್ಷ ಬೇಸಾಯದಲ್ಲಿ ಇರೋಳು. ಯಾವುದು ಚೆನ್ನಾಗೈತೆ ನೀನೇ ಹೇಳು.”

ನೀರು ತಲುಪದ ತುದಿಯ ಬಳ್ಳಿಯಲ್ಲಿ ಎಲೆ ಹಸಿರು. ಬೇರು ಬೆಳ್ಳಗೆ ದಾರ ದಾರವಾಗಿತ್ತು. ಮೋಟಾರಿನ ಪಕ್ಕದ ಬಳ್ಳಿಯ ಬೇರು ಕಂದು ಬಣ್ಣ. ಅಮ್ಮ ಎರಡು ಬೆರಳಲ್ಲಿ ಹಿಡಿದು ಎಳೆದಳು. ಮೇಲಿನ ಸಿಪ್ಪೆ ಕಳಚಿ ಬಂತು. ಮೂಗಿನ ಹತ್ತಿರ ಹಿಡಿದಳು. ಮುಖ ತಿರುಗಿಸಿದಳು.

“ಕೊಳೆತೈತೆ” ಎಂದಳು.

“ಬೇರಿಗೂ ಗಾಳಿ ಬೇಕು ಅತ್ತೆ. ಮಣ್ಣಲ್ಲಿ ಗಾಳಿ ಇರೋ ಜಾಗದಲ್ಲೆಲ್ಲ ನೀರು ನಿಂತ್ರೆ ಬೇರು ಉಸಿರು ಕಟ್ಟಿ ಕೊಳೀತದೆ. ಕೊಳೆತ ಬೇರು ನೀರೂ ಎಳೆಯಲ್ಲ, ಗೊಬ್ಬರಾನೂ ಎಳೆಯಲ್ಲ. ಬಳ್ಳಿ ಏನ್ಮಾಡ್ತದೆ? ಹಳೇ ಎಲೆಯಲ್ಲಿರೋ ಸಾರ ಕಿತ್ಕೊಂಡು ಎಳೇ ಎಲೆಗೆ ಕೊಡ್ತದೆ. ಅದಕ್ಕೇ ಕೆಳಗಿಂದ ಹಳದಿ. ಮಧ್ಯಾಹ್ನ ಜೋತು ಬೀಳೋದೂ ಅದಕ್ಕೇ. ಕೆಸರಲ್ಲಿ ನಿಂತು ಬಾಯಾರ್ತಾ ಐತೆ ಅದು.”

ಅಮ್ಮ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ತಾನೇ ಹೋಗಿ ಮೋಟಾರು ಆಫ್ ಮಾಡಿದಳು. ಬರುವಾಗ, “ಎಷ್ಟು ದಿನ?” ಎಂದಳು.

“ಮಣ್ಣು ಹೇಳ್ತದೆ. ಗೇಣುದ್ದ ಕೆಳಗಿಂದ ಒಂದು ಹಿಡಿ ತಕ್ಕೊಂಡು ಹಿಂಡು. ನೀರಿಳಿದ್ರೆ ಬೇಡ. ಉಂಡೆಯಾಗಿ ಅಂಗೈಗೆ ಒದ್ದೆ ಅಂಟಿದ್ರೂ ಬೇಡ. ಉಂಡೆ ತಟ್ಟಿದ್ರೆ ಪುಡಿಯಾಯ್ತಾ, ಆಗ ನೀರು ಬಿಡು. ಅದೂ ಗಂಟೆಗಟ್ಟಲೆ ಬೇಡ. ನೀವು ನಿಂತು ನೋಡಿ, ಬುಡ ನೆಂದ ತಕ್ಷಣ ನಿಲ್ಲಿಸಿ. ಆಟೋ ಮಾತ್ರ ಬೇಡ. ಕರೆಂಟಿಗೆ ಬಾಯಾರಿಕೆ ಗೊತ್ತಾಗಲ್ಲ.”

“ಈ ಹಳದಿ ಎಲೆ ಮತ್ತೆ ಹಸಿರಾಗ್ತವಾ?” ಎಂದೆ ನಾನು.

“ಇಲ್ಲ. ಹೋದ ಎಲೆ ಹೋಯ್ತು. ಅದನ್ನೇ ನೋಡ್ತಾ ಇನ್ನೊಂದು ಬಾಟ್ಲಿ ತರಬೇಡ. ಚಿಗುರು ನೋಡು. ಹೊಸ ಎಲೆ ಅಗಲವಾಗಿ ಹಸಿರಾಗಿ ಬಂದ್ರೆ ಬಳ್ಳಿ ಗೆದ್ದಂಗೆ.”

ಅವತ್ತೇ ಕೆಲಸ ಶುರು ಮಾಡಿದೆವು. ಸಾಲುಗಳ ನಡುವೆ ಬಸಿಗಾಲುವೆ ತೆಗೆದೆ. ಬುಡದಿಂದ ಒಂದು ಅಡಿ ದೂರದಲ್ಲಿ ಮಣ್ಣು ಮೆಲ್ಲಗೆ ಸಡಿಲ ಮಾಡಿದೆ. ಪೂರ್ತಿ ಹಳದಿಯಾದ ಎಲೆಗಳನ್ನು ಅಮ್ಮ ಕತ್ತರಿಸಿ ಹೊರಗೆ ಹಾಕಿದಳು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೇರು ಕೊಳೆ ತಡೆಯುವ ಟ್ರೈಕೋಡರ್ಮ ಪುಡಿ ಬೆರೆಸಿ ಬುಡಕ್ಕೆ ಹಾಕಿದೆವು. ಯೂರಿಯಾ ಹಾಕೋಣವೆಂದು ನಾನು ಆತುರಪಟ್ಟೆ. “ಬೇರೇ ಇಲ್ಲದ ಬಳ್ಳಿಗೆ ಅನ್ನ ತುರುಕ್ತೀಯಾ? ಬಿಳಿ ಬೇರು ಕಾಣಲಿ, ಆಮೇಲೆ ಚೂರು ಕೊಡು” ಎಂದು ವೆಂಕಟಲಕ್ಷ್ಮಿ ಅಕ್ಕ ಬೈದಳು.

ಐದು ದಿನ ಏನೂ ಆಗಲಿಲ್ಲ. ನಾನು ದಿನಾ ಹೋಗಿ ಚಿಗುರು ನೋಡುತ್ತಿದ್ದೆ, ದಿನಾ ಸಿಟ್ಟು ಮಾಡಿಕೊಂಡು ಬರುತ್ತಿದ್ದೆ. ಆರನೇ ದಿನ ಅಮ್ಮ ಮಣ್ಣು ಹಿಂಡಿದಳು. ಪುಡಿಯಾಯಿತು. ಅರ್ಧ ಗಂಟೆ ನೀರು ಬಿಟ್ಟು ತಾನೇ ನಿಲ್ಲಿಸಿದಳು. ಎಂಟನೇ ದಿನ ಒಂದು ಬಳ್ಳಿಯ ಬುಡ ಕೆದಕಿದಾಗ ಬಿಳಿ ಬೇರು ಕಂಡಿತು, ಅಕ್ಕಿ ಶಾವಿಗೆಯಷ್ಟು ಸಣ್ಣದು. ಹತ್ತನೇ ದಿನ ಚಿಗುರಿನಲ್ಲಿ ಅಂಗೈಯಗಲದ ಹಸಿರು ಎಲೆ. ಎಲ್ಲ ಬಳ್ಳಿ ಉಳಿಯಲಿಲ್ಲ. ನಲವತ್ತು ಹೋದವು. ಮಿಕ್ಕವು ನಿಂತವು. ಹೆಣ್ಣು ಹೂವಿನ ಹಿಂದೆ ಸಣ್ಣ ಸಣ್ಣ ಹೀಚು ಕಾಣಿಸಿತು.

ಅಮಾವಾಸ್ಯೆ ಕಳೆದ ಮಾರನೇ ದಿನ ಬಚ್ಚಪ್ಪನವರು ಬಂದರು. ಟ್ರ್ಯಾಕ್ಟರು ರಸ್ತೆಯಲ್ಲಿ ನಿಂತಿತ್ತು. ಸಂಘದ ಹೆಂಗಸರು ಐದಾರು ಜನ ನಮ್ಮ ಚಪ್ಪರ ನೋಡಲು ಬಂದಿದ್ದರು. ಬಚ್ಚಪ್ಪನವರು ಚಪ್ಪರದ ಒಳಗೆ ಬಗ್ಗಿ ಆ ತುದಿಯವರೆಗೆ ಹೋದರು. ವಾಪಸ್ ಬಂದು ಟ್ರ್ಯಾಕ್ಟರಿನವನಿಗೆ ಹೋಗು ಎಂದು ಕೈ ಬೀಸಿದರು.

“ಆವಲಮ್ಮ, ಈ ಬೆಳೆ ನೀನೇ ಮುಗಿಸು. ಮುಂದಿಂದೂ ನೀನೇ ಇಡು” ಎಂದರು.

ಅಮ್ಮ ತಲೆಯಾಡಿಸಿದಳು. ಮತ್ತೆ ಕಳೆ ಕೀಳಲು ಕೂತಳು.

ಬಚ್ಚಪ್ಪನವರು ನನ್ನ ಕಡೆ ತಿರುಗಿದರು. “ಮುನೇಶ, ಯಾವ ಔಷಧ ಹೊಡೆದೆ? ಹೆಸರು ಹೇಳು. ನಮ್ಮ ಹಾಗಲದ ಬಳ್ಳೀನೂ ಹಳದಿಯಾಗೈತೆ. ಈಗಲೇ ಫೋನ್ ಮಾಡಿ ತರಿಸ್ತೀನಿ.” ಮೊಬೈಲು ಕೈಯಲ್ಲೇ ಇತ್ತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈಯಲ್ಲೂ ಈಗ ಮೊಬೈಲು ಇರಬಹುದು. ಮೊದಲು ಕೆಳಗಿಡಿ. ಹಳದಿ ಎನ್ನುವುದು ರೋಗದ ಹೆಸರಲ್ಲ. ಬಳ್ಳಿ ‘ನನಗೇನೋ ಆಗಿದೆ’ ಎನ್ನುವುದು ಅಷ್ಟೇ. ಏನಾಗಿದೆ ಎಂದು ನೀವು ಹತ್ತಿರ ಹೋಗಿ ನೋಡಬೇಕು. ಕೆಳಗಿನ ಹಳೇ ಎಲೆಯೋ, ಮೇಲಿನ ಚಿಗುರೋ ನೋಡಿ. ಚಿಗುರು ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದಂಥ ಅಂಶ ಕಡಿಮೆ ಇರಬಹುದು. ತೇಪೆ ತೇಪೆಯಾಗಿ ಮುದುಡಿದ್ದರೆ ವೈರಸ್ಸು, ಬಳ್ಳಿ ಕಿತ್ತು ಹೂಳಿ. ಎಲೆ ತಿರುಗಿಸಿ ಹುಳ, ಬೂಷ್ಟು ಇದೆಯಾ ನೋಡಿ. ಮಣ್ಣು ಹಿಂಡಿ. ಒಂದು ಬಳ್ಳಿ ಕಿತ್ತು ಬೇರು ನೋಡಿ. ಗಂಟು ಗಂಟಾಗಿದ್ದರೆ ಅದು ಬೇರೆ ರೋಗ, ಕೊಳೆತಿದ್ದರೆ ನೀರು. ಆಮೇಲೂ ತಿಳಿಯದಿದ್ದರೆ ಹಳದಿ ಎಲೆ ಒಂದು, ಚೆನ್ನಾಗಿರುವ ಎಲೆ ಒಂದು, ಬೇರು ಒಂದು, ಮೂರನ್ನೂ ಪೇಪರಿನಲ್ಲಿ ಸುತ್ತಿಕೊಂಡು ನಿಮ್ಮ ಕೃಷಿ ಸಖಿಯ ಹತ್ತಿರವೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ. ಎಲೆ ನೋಡದೆ ಬಾಟ್ಲಿ ಕೊಡುವವನ ಬಾಟ್ಲಿ ತೆಗೆದುಕೊಳ್ಳಬೇಡಿ. ಮೋಟಾರಿನ ಆಟೋ ಗುಂಡಿ ಇವತ್ತೇ ಆಫ್ ಮಾಡಿ. ನೀರಿಲ್ಲದೆ ನಮ್ಮ ಹಿರಿಯರು ಸತ್ತರು ಎಂದು ನೀರು ಹಾಕಿ ಬಳ್ಳಿ ಸಾಯಿಸಬೇಡಿ. ಮತ್ತೆ ಒಂದು ಮಾತು. ಅಂಗಡಿಯಲ್ಲಿ ಯಾರಾದರೂ ತಪ್ಪು ಹೇಳಿ ನಗೆಪಾಟಲಾಗುತ್ತಿದ್ದರೆ, ನಿಮಗೆ ಸರಿ ಗೊತ್ತಿದ್ದರೆ, ನಗಬೇಡಿ. ಬಾಯಿ ಬಿಡಿ.

“ಹೇಳೋ, ಯಾವ ಔಷಧ?” ಬಚ್ಚಪ್ಪನವರು ಮತ್ತೆ ಕೇಳಿದರು. “ಗುಟ್ಟು ಮಾಡ್ತೀಯೇನೋ ನನ್ನ ಹತ್ರ?”

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಗುದ್ದಲಿ ಹೆಗಲ ಮೇಲೆ ಹಾಕಿಕೊಂಡು ಅವರ ಹಾಗಲ ತೋಟದ ಕಡೆ ನಡೆದೆ.